ಹಲಗೆ ಹಾಕುವ ದಿನ

ದೀಪಾವಳಿ ಕಳೆದು ಎಂಟು ದಿನವಾಗಿತ್ತು. ಸೌಪರ್ಣಿಕೆಯ ಕೆಳಭಾಗದ ಊರೊಂದರಲ್ಲಿ, ಕಿಂಡಿ ಅಣೆಕಟ್ಟಿನ ಬದಿಯಲ್ಲಿ ನಾವು ಏಳೆಂಟು ಮಂದಿ ನಿಂತಿದ್ದೆವು. ಹಲಗೆಗಳನ್ನು ಇಳಿಸಿ ದಡದಲ್ಲಿ ಅಟ್ಟಿ ಹಾಕಿದ್ದರು. ಅವುಗಳ ಸಂದಿಯಲ್ಲಿ ಕಳೆದ ವರ್ಷದ ಕೆಸರು ಒಣಗಿ ಬಿಳಿಚಿಕೊಂಡಿತ್ತು. ಮೇಲಿನ ಬೈಲಿನ ಹಿರಿಯ ರೈತರೊಬ್ಬರು ನೀರಿನಂಚಿಗೆ ಇಳಿದು, ಒಂದು ಬೊಗಸೆ ಎತ್ತಿ ನಾಲಿಗೆಗೆ ತಾಗಿಸಿ ಉಗಿದರು. ‘ಹಲ್ಗಿ ಇವತ್ತೇ ಹಾಕ್ಕ್. ಇಲ್ದಿರೆ ಬಾವಿ ಉಪ್ಪಾತ್ತ್’ ಎಂದರು. ಸ್ವಲ್ಪ ದೂರದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದ ಹೆಂಗಸು ತಟ್ಟನೆ ಕೇಳಿದರು: ‘ಹಾಕ್ರೆ ನನ್ನ್ ಗದ್ದಿ ನೀರ್ ಎಲ್ ಹೋಪುದ್?’

ಅವರ ಗದ್ದೆ ಅಣೆಕಟ್ಟಿಗೆ ತಾಗಿದಂತೆ ಮೇಲ್ಬದಿಯ ತಗ್ಗಿನಲ್ಲಿದೆ. ಹಿಂಗಾರಿನ ಮಳೆ ಬಿಟ್ಟೂ ಬಿಡದೆ ಹೊಯ್ದದ್ದರಿಂದ ಕೊಯ್ಲು ತಡವಾಗಿ, ನಾಲ್ಕು ಗದ್ದೆಯ ಪೈರು ಇನ್ನೂ ನಿಂತಿತ್ತು. ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರು. ಹಲಗೆ ಬಿದ್ದರೆ ಹೊಳೆ ಏರುತ್ತದೆ, ಗದ್ದೆಯ ನೀರು ಇಳಿಯುವುದಿಲ್ಲ, ಕೊಯ್ಲಿನ ಯಂತ್ರ ಇಳಿಯಲಾರದು. ಹಲಗೆ ಬೀಳದಿದ್ದರೆ ಉಬ್ಬರದ ಉಪ್ಪುನೀರು ಮೇಲಿನ ಬೈಲಿಗೆ ನುಗ್ಗುತ್ತದೆ. ಆ ಹಿರಿಯರ ನೆಲಗಡಲೆ, ತೆಂಗು, ಕುಡಿಯುವ ನೀರು ಎಲ್ಲವೂ ಆ ಹಲಗೆಯನ್ನೇ ನಂಬಿವೆ. ಇಬ್ಬರ ಮಾತೂ ಸರಿ. ಯಾರೂ ಜಗಳಕ್ಕೆಂದು ಬಂದವರಲ್ಲ. ಹಲಗೆ ಹಾಕುವ ದಿನವನ್ನು ಮಾತ್ರ ಅವರಿಬ್ಬರೂ ಗೊತ್ತುಮಾಡಿರಲಿಲ್ಲ. ಅದು ಎಲ್ಲೋ ಒಂದು ಕಾಗದದಲ್ಲಿ ಮೊದಲೇ ಗೊತ್ತಾಗಿತ್ತು.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಎಂಬ ಮಾತನ್ನು ಈಗ ಎಲ್ಲ ಕಡೆ ಕೇಳುತ್ತೇವೆ. ಹೊಸ ತಳಿ, ಹೊಸ ಅಣೆಕಟ್ಟು, ಕಡಲಿಗೆ ಕಲ್ಲಿನ ತಡೆಗೋಡೆ ಎಂದು ಪಟ್ಟಿ ಬೆಳೆಯುತ್ತದೆ. ಅವೆಲ್ಲ ಬೇಕು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬೈಲುಗಳನ್ನು ನೋಡುತ್ತ ಬಂದ ನನಗೆ ಬೇರೆ ಎರಡು ಪ್ರಶ್ನೆಗಳೇ ದೊಡ್ಡವಾಗಿ ಕಾಣುತ್ತವೆ. ಹಲಗೆ ಹಾಕುವ ದಿನವನ್ನು ಯಾರು ತೀರ್ಮಾನಿಸಬೇಕು? ತೀರ್ಮಾನ ತಪ್ಪಿದಾಗ ಆಗುವ ನಷ್ಟ ಯಾರ ಹೆಸರಿನಲ್ಲಿ ದಾಖಲಾಗಬೇಕು? ಇವಕ್ಕೆ ಉತ್ತರ ಸಿಗದೆ ಎಷ್ಟು ಕೋಟಿ ಸುರಿದರೂ ತಗ್ಗಿನ ಗದ್ದೆಯವರ ಪಾಲಿಗೆ ಅದು ಇನ್ನೊಂದು ನೆರೆಯಷ್ಟೇ ಆದೀತು.

ಈ ನೆಲದ ಇಳಿಜಾರನ್ನು ಮೊದಲು ಕಣ್ಣಿಗೆ ತಂದುಕೊಳ್ಳಬೇಕು. ಘಟ್ಟದಿಂದ ಕಡಲಿಗೆ ಇಲ್ಲಿ ಬಹಳ ದೂರವಿಲ್ಲ. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಮತ್ತು ಜೊತೆಗಿನ ಹೊಳೆಗಳು ಗಂಗೊಳ್ಳಿಯ ಹತ್ತಿರ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ದಕ್ಷಿಣಕ್ಕೆ ಬಂದರೆ ಬ್ರಹ್ಮಾವರದ ಕಡೆ ಸೀತಾ, ಮಡಿಸಾಲು, ಸ್ವರ್ಣಾ. ಹೊಳೆಯ ಬಾಯಲ್ಲಿ ಕುದ್ರು ಎಂಬ ನಡುಗಡ್ಡೆಗಳು: ಉಪ್ಪಿನಕುದ್ರು, ಕನ್ನಡಕುದ್ರು, ಬಬ್ಬುಕುದ್ರು. ಉಪ್ಪಿನಕುದ್ರು ಎಂಬ ಹೆಸರಿನಲ್ಲೇ ಉಪ್ಪಿದೆ. ಉಪ್ಪುನೀರು ಇಲ್ಲಿಗೆ ನಿನ್ನೆ ಮೊನ್ನೆ ಬಂದ ನೆಂಟನಲ್ಲ. ಮಳೆಗಾಲದಲ್ಲಿ ಹೊಳೆ ಕಡಲನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಕಡಲು ಹೊಳೆಯನ್ನು ತಳ್ಳುತ್ತದೆ. ಉಪ್ಪುನೀರು ತೂಕದ್ದಾದ್ದರಿಂದ ತಳದಲ್ಲಿ ನುಸುಳಿಕೊಂಡು ಮೇಲೇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರದಲ್ಲಿ ಇನ್ನಷ್ಟು ದೂರ. ಈ ತಳ್ಳಾಟದ ಗಡಿ ಎಲ್ಲಿ, ಯಾವ ತಿಂಗಳಲ್ಲಿ ಎಷ್ಟು ಸರಿಯುತ್ತದೆ ಎಂಬುದು ಹೊಳೆಬದಿಯವರಿಗೆ ಬಾಯಿಪಾಠವಾಗಿತ್ತು. ಕಾರ್ತಿ, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಲೆಕ್ಕ, ಬೆಟ್ಟು, ಮಜಲು, ಬೈಲು ಎಂಬ ಮೂರು ಮಟ್ಟದ ಗದ್ದೆಗಳ ಲೆಕ್ಕ ಎಲ್ಲ ಅದರ ಮೇಲೆಯೇ ನಿಂತಿದ್ದವು.

ಈಗ ತಪ್ಪುತ್ತಿರುವುದು ಆ ಬಾಯಿಪಾಠ. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿ ಜಿಲ್ಲೆಯಲ್ಲಿ ಒಂದೇ ದಿನಕ್ಕೆ ಸರಾಸರಿ 300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಕಾರ್ತಿಯ ಪೈರು ತೆನೆ ತೂಗುವ ಹೊತ್ತು. ಬ್ರಹ್ಮಾವರ ಸೀಮೆಯ ಹೊಳೆಬದಿಯ ಬೈಲುಗಳಲ್ಲಿ ತೆನೆಯ ಮೇಲೆ ದೋಣಿ ಹೋಯಿತು. ಎಂಟೇ ತಿಂಗಳಿಗೆ, 2021ರ ಮೇ ತಿಂಗಳ ನಡುವೆ, ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿಕೊಂಡು ಹೋದಾಗ ಬೈಂದೂರಿನ ನಾಡ ಗ್ರಾಮದಲ್ಲಿ 24 ಗಂಟೆಗಳಲ್ಲಿ 385 ಮಿಲಿಮೀಟರ್ ಮಳೆ ದಾಖಲಾಯಿತು. ರೋಹಿಣಿ ಮಳೆಗೆ ಇನ್ನೂ ಹತ್ತು ದಿನವಿತ್ತು! ಒಂದು ವರ್ಷ ಮೇ ತಿಂಗಳಲ್ಲಿ ನೆರೆ, ಇನ್ನೊಂದು ವರ್ಷ ಜೂನ್ ಅರ್ಧ ಕಳೆದರೂ ಅಗೆ ಹಾಕಲು ನೀರಿಲ್ಲ. ಒಟ್ಟು ಮಳೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಚರ್ಚೆ ನಮ್ಮ ರೈತರಿಗೆ ಅಷ್ಟು ಮುಖ್ಯವಲ್ಲ. ಮಳೆಗೆ ಪಂಚಾಂಗ ಇಲ್ಲವಾಗಿದೆ ಎಂಬುದು ಅವರ ದೂರು. ನಕ್ಷತ್ರ ನೋಡಿ ಬಿತ್ತಿದವರಿಗೆ ಇದರಷ್ಟು ದೊಡ್ಡ ನಷ್ಟ ಬೇರೆ ಇಲ್ಲ.

ಎಲ್ಲವನ್ನೂ ಆಕಾಶದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಮಾತ್ರ ಸರಿಯಲ್ಲ. ನಮ್ಮೂರುಗಳಲ್ಲಿ ‘ಕೃತಕ ನೆರೆ’ ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ಹುಟ್ಟಿಸಿದವರು ವಿಜ್ಞಾನಿಗಳಲ್ಲ, ನೀರಲ್ಲಿ ನಿಂತವರು. ಇಲ್ಲಿ ನೀರು ಹರಿಯುವುದು ಪೂರ್ವದಿಂದ ಪಶ್ಚಿಮಕ್ಕೆ. ರಸ್ತೆ, ರೈಲು ಓಡುವುದು ದಕ್ಷಿಣದಿಂದ ಉತ್ತರಕ್ಕೆ. 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಕೊಂಕಣ ರೈಲಿನ ಏರಿ, ಆಮೇಲೆ ಚತುಷ್ಪಥವಾದ ಹೆದ್ದಾರಿ 66ರ ಏರಿ, ಎರಡೂ ಬೈಲಿಗೆ ಅಡ್ಡ ಮಲಗಿವೆ. ಮೋರಿ ಎಲ್ಲಿಟ್ಟರು, ಎಷ್ಟು ಅಗಲ ಇಟ್ಟರು ಎಂಬುದರ ಮೇಲೆ ಯಾರ ಗದ್ದೆ ಎರಡು ದಿನ ಮುಳುಗಬೇಕು, ಯಾರದು ಹತ್ತು ದಿನ ಮುಳುಗಬೇಕು ಎಂಬುದು ನಿರ್ಧಾರವಾಯಿತು. ಕೋಟ, ಗಿಳಿಯಾರು ಕಡೆಯ ಬೈಲುಗಳಲ್ಲಿ ಹೊಳೆ, ತೋಡುಗಳಿಗೆ ಹೂಳು ತುಂಬಿ, ಮೇಲೆ ಅಂತರಗಂಗೆ ಹಬ್ಬಿ, ಸಾಧಾರಣ ಮಳೆಗೂ ಪೈರು ಮುಳುಗುತ್ತದೆ. ಹೊಳೆಯ ಮರಳನ್ನು ಬಗೆದು ತೆಗೆದ ಕಡೆ ತಳ ಕುಸಿದು ಉಪ್ಪುನೀರಿಗೆ ದಾರಿ ಸಲೀಸಾಗುತ್ತದೆ. ಈ ಯಾವ ತೀರ್ಮಾನವನ್ನೂ ಬೈಲಿನವರು ಮಾಡಲಿಲ್ಲ. ಫಲ ಮಾತ್ರ ಅವರ ಪಾಲಿಗೆ ಬಂತು. ಹವಾಮಾನ ನ್ಯಾಯ ಎಂಬ ಮಾತಿಗೆ ಜಾಗತಿಕ ಸಮ್ಮೇಳನಗಳಲ್ಲಿ ಹೊಗೆ ಉಗುಳಿದ ದೇಶ ಯಾವುದು, ನರಳುವ ದೇಶ ಯಾವುದು ಎಂಬ ಅರ್ಥವಿದೆ. 2022ರಲ್ಲಿ ಈಜಿಪ್ಟಿನ ಸಮ್ಮೇಳನದಲ್ಲಿ ನಷ್ಟ ತುಂಬುವ ನಿಧಿಯೊಂದಕ್ಕೆ ಒಪ್ಪಿಗೆಯೂ ಸಿಕ್ಕಿತು. ಆದರೆ ಅದೇ ಪ್ರಶ್ನೆ ಒಂದು ಬೈಲಿನೊಳಗೂ ಇದೆ, ಒಂದು ಹೆದ್ದಾರಿಯ ಎರಡು ಮಗ್ಗುಲಲ್ಲೂ ಇದೆ.

ನೀರು ಯಾರಿಗೆ ಮೊದಲು ಎಂಬುದಕ್ಕೆ ವಾರಾಹಿಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಮಾಣಿಯಲ್ಲಿ ಅಣೆಕಟ್ಟಾಗಿ, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರ 1989–90ರಲ್ಲೇ ವಿದ್ಯುತ್ ಕೊಡತೊಡಗಿತು. ಇಂದು ಅದರ ಸಾಮರ್ಥ್ಯ 460 ಮೆಗಾವಾಟ್. ಅದೇ ಹೊಳೆಯ ನೀರಾವರಿ ಯೋಜನೆ 1979ರಲ್ಲಿ ಮಂಜೂರಾಗಿತ್ತು. ಕಾಲುವೆಯಲ್ಲಿ ನೀರು ಕಂಡದ್ದು 2015ರಲ್ಲಿ. ನಡುವಿನ 36 ವರ್ಷಗಳಲ್ಲಿ ಒಂದು ತಲೆಮಾರು ಗದ್ದೆ ಬಿಟ್ಟು ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ಹೋಯಿತು.

ಹಾಗಾದರೆ ಎಲ್ಲವನ್ನೂ ಹಿಂದಿನಂತೆ ಊರಿಗೇ ಬಿಟ್ಟುಬಿಡೋಣವೇ? ಇಲ್ಲಿ ನಾನು ಸ್ವಲ್ಪ ತಡೆದು ಮಾತಾಡಬೇಕು. ಸಮುದಾಯ ಎಂದಕೂಡಲೇ ಕಣ್ಣು ತೇವ ಮಾಡಿಕೊಳ್ಳುವವರಲ್ಲಿ ನಾನಿಲ್ಲ. ಹಿಂದೆ ಹೊಳೆಗೆ, ತೋಡಿಗೆ ವರ್ಷವರ್ಷ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಕಟ್ಟುತ್ತಿದ್ದರು. ಮದಗಗಳ ಹೂಳೆತ್ತುತ್ತಿದ್ದರು. ದಂಡೆ ಒಡೆದರೆ ರಾತ್ರೋರಾತ್ರಿ ಊರೇ ಸೇರುತ್ತಿತ್ತು. ಎಲ್ಲ ನಿಜ. ಕಟ್ಟಕ್ಕೆ ಮಣ್ಣು ಹೊತ್ತ ತಲೆಗಳು ಯಾರವು ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರುವುದಿಲ್ಲ. ಒಡೆಯರು ಹೇಳಿಕಳಿಸಿದರೆ ಗೇಣಿಯವರು ಬರಬೇಕು, ಜೀತದ ಮೂಲದಾಳುಗಳು ಬರಲೇಬೇಕು. ಕಟ್ಟದ ನೀರು ಮೊದಲು ಯಾರ ಗದ್ದೆಗೆ ಎಂಬುದೂ ಹಾಗೆಯೇ ತೀರ್ಮಾನವಾಗುತ್ತಿತ್ತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದಾಗ, ಚೋಮ ಕೇಳಿದ್ದು ಒಂದು ತುಂಡು ನೆಲದ ಬೇಸಾಯವನ್ನಷ್ಟೆ. ಅದೂ ಅವನಿಗೆ ಸಿಗಲಿಲ್ಲ. ಇಡೀ ಬೈಲಿಗೆ ನೀರು ಕಟ್ಟಿಕೊಡುತ್ತಿದ್ದ ಊರು ಅದೇ ಬೈಲಿನಲ್ಲಿ ಚೋಮನಂಥವನಿಗೆ ಕಾಲೂರಲು ಬಿಟ್ಟಿರಲಿಲ್ಲ.

1974ರ ಭೂಸುಧಾರಣೆ ಕರಾವಳಿಯಲ್ಲಿ ಮಾಡಿದ ಕೆಲಸ ದೊಡ್ಡದು. ಡಿಕ್ಲರೇಶನ್ ಕೊಟ್ಟ ಗೇಣಿದಾರರು ಭೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಒಡೆಯರಾಗಿ ಇಳಿದರು. ನನ್ನಂಥ ಎಷ್ಟೋ ಜನ ಓದಿದ್ದು ಆ ಗದ್ದೆಯ ಅಕ್ಕಿಯಿಂದ. ಆದರೆ ಕಾನೂನು ಗದ್ದೆಯನ್ನು ಹಂಚಿತೇ ಹೊರತು ತೋಡು, ಕಟ್ಟ, ಮದಗಗಳ ಹೊಣೆಯನ್ನು ಯಾರಿಗೂ ಹಂಚಲಿಲ್ಲ. ಒಡೆಯರ ಗತ್ತು ಹೋಯಿತು, ಒಳ್ಳೆಯದೇ ಆಯಿತು. ಅದರ ಜಾಗದಲ್ಲಿ ಸಮಾನರಾದವರು ಕೂತು ತೀರ್ಮಾನಿಸುವ ಒಂದು ಕಟ್ಟೆ ಏಳಬೇಕಿತ್ತು, ಅದು ಏಳಲಿಲ್ಲ. ನಿಧಾನಕ್ಕೆ ಕಟ್ಟದ ಜಾಗಕ್ಕೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂತು. ಹಲಗೆ ಹಾಕುವುದು, ತೆಗೆಯುವುದು ಟೆಂಡರಿನ ಕೆಲಸವಾಯಿತು. ಹೆಚ್ಚೂಕಡಿಮೆ ಅರ್ಧ ಶತಮಾನದಿಂದ ಖಾಲಿ ಬಿದ್ದಿರುವ ಆ ಕಟ್ಟೆಯ ಬಗ್ಗೆಯೇ ನನ್ನ ಚಿಂತೆ.

ಅಂಥ ಕಟ್ಟೆ ಉಳಿದ ಕಡೆ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ, ಅಘನಾಶಿನಿಯ ಗಜನಿ ಎಂಬ ಹಿನ್ನೀರಿನ ಗದ್ದೆಗಳಲ್ಲಿ ರೈತರು ಸೇರಿ ದಂಡೆ, ಬಾಗಿಲುಗಳನ್ನು ನೋಡಿಕೊಂಡು ಉಪ್ಪು ತಡೆಯುವ ಕಗ್ಗ ಭತ್ತವನ್ನು ಉಳಿಸಿಕೊಂಡು ಬಂದಿದ್ದಾರೆ. ಕಾಸರಗೋಡಿನ ಏತಡ್ಕದಲ್ಲಿ ತೋಡಿನುದ್ದಕ್ಕೂ ಕಟ್ಟಗಳ ಸಾಲು ಕಟ್ಟುವ ರೂಢಿ ಇದೆ. ಒಬ್ಬರ ಕಟ್ಟದ ನೀರು ಇನ್ನೊಬ್ಬರ ಬಾವಿಗೆ ಇಂಗುತ್ತದೆ ಎಂಬ ತಿಳಿವಳಿಕೆಯೇ ಅಲ್ಲಿನ ಒಪ್ಪಂದ. ಇವೆರಡೂ ಕಡೆ ತಜ್ಞರು ಹೊರಗಿನಿಂದ ಬಂದು ‘ಅಳವಡಿಕೆ’ಯನ್ನು ಕಲಿಸಿಕೊಡಬೇಕಾಗಿ ಬರಲಿಲ್ಲ. ಯಾವ ದಿನ ಬಾಗಿಲು ಎತ್ತಬೇಕು, ಯಾವ ದಿನ ಮಣ್ಣು ಹಾಕಬೇಕು ಎಂಬ ಅಧಿಕಾರ ಕೈಬಿಟ್ಟು ಹೋಗದಿದ್ದುದೇ ದೊಡ್ಡದು.

ವಿಜ್ಞಾನ ಬೇಡವೆಂದಲ್ಲ. ಬ್ರಹ್ಮಾವರದಲ್ಲಿರುವ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ನಮ್ಮ ಕೈಗೆಟಕುವ ಆಸ್ತಿ. ನಮ್ಮ ಬೈಲುಗಳಲ್ಲಿ ಹೆಚ್ಚಾಗಿ ಕಾಣುವ ಎಂಒ-4 ಕೇರಳದ ಮಂಕೊಂಬಿನಿಂದ ಬಂದ ಕೆಂಪಕ್ಕಿ ತಳಿ. ಅದಕ್ಕೆ ಬದಲಿಯಾಗಿ, ನೆರೆಗೆ ಸಿಕ್ಕ ತಗ್ಗಿನ ಗದ್ದೆಗಳಿಗೆಂದೇ ಬ್ರಹ್ಮಾವರದ ಕೇಂದ್ರ ಸಹ್ಯಾದ್ರಿ ಪಂಚಮುಖಿ ತಳಿಯನ್ನು ಹೊರತಂದಿತು. ನೀರಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುವ ಭತ್ತ ಅದು. ಇದು ನಿಜವಾದ ಉಪಕಾರ. ಆದರೆ ಹೂಳು ತುಂಬಿದ ತೋಡಿನ ಕಾರಣದಿಂದ ಹದಿನೈದು ದಿನ ನೀರು ನಿಂತರೆ ಯಾವ ತಳಿ ತಾನೇ ಏನು ಮಾಡೀತು? ತಳಿ ಕೊಡುವ ಕೆಲವು ದಿನಗಳ ಬಿಡುವಿನಲ್ಲಿ ನೀರನ್ನು ಇಳಿಸುವ ಕೆಲಸ ತೋಡಿನದು, ತೋಡಿನ ಕೆಲಸ ಊರಿನದು.

ಈಗ ನಷ್ಟ ಯಾರ ಹೆಸರಿನಲ್ಲಿ ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಲಗೆಯ ಬಳಿ ಮಾತಾಡಿದ ಆ ಹೆಂಗಸನ್ನು ಆಮೇಲೆ ಅವರ ಗದ್ದೆಯ ಅಂಚಿನಲ್ಲಿ ಕೂತು ಮಾತಾಡಿಸಿದೆ. ಗದ್ದೆ ಅವರದಲ್ಲ. ‘ಗದ್ದಿ ಒಡಿಯರ್ ಬೊಂಬಾಯಂಗ್ ಇದ್ರ್’ ಎಂದರು. ವರ್ಷಕ್ಕೆ ಇಷ್ಟು ಅಕ್ಕಿ ಎಂದು ಬಾಯಿಮಾತಿನ ಲೆಕ್ಕ. ಕಾಗದ ಇಲ್ಲ. ಗದ್ದೆ ಪಾಳು, ನಮ್ಮ ಮಾತಲ್ಲಿ ಹಡಿಲು, ಬೀಳಬಾರದೆಂದು ಒಡೆಯರೇ ಕೇಳಿಕೊಂಡದ್ದು, ಇಬ್ಬರಿಗೂ ಅನುಕೂಲವಾದ ಏರ್ಪಾಡು. ನೆರೆ ಬಂದಾಗ ಮಾತ್ರ ಈ ಏರ್ಪಾಡಿನ ಇನ್ನೊಂದು ಮುಖ ಕಾಣುತ್ತದೆ. ಬೆಳೆಹಾನಿ ಪರಿಹಾರಕ್ಕೆ ಬೇಕಾದದ್ದು ಪಹಣಿ, ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ, ಪಹಣಿಯಲ್ಲಿರುವ ಹೆಸರಿನ ಬ್ಯಾಂಕ್ ಖಾತೆ. ಬೀಜ, ಗೊಬ್ಬರ, ಉಳುಮೆಯ ಬಾಡಿಗೆ, ನಟ್ಟಿಯ ಕೂಲಿ ಎಲ್ಲ ಕೊಟ್ಟವರು ಇವರು. ಹಣ ಬಂದರೆ ಹೋಗುವುದು ಮುಂಬಯಿಯ ಖಾತೆಗೆ. ‘ಅವ್ರ್ ಒಳ್ಳೇರ್, ಕೊಡ್ತ್ರ್’ ಎಂದರು. ಕೊಡುತ್ತಾರೆ, ನಂಬುತ್ತೇನೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ಇನ್ನೊಬ್ಬರ ಹಕ್ಕು ನಿಲ್ಲಬಾರದು.

ಆ ಹಣವಾದರೂ ಎಷ್ಟು? ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಂತೆ, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ನಮ್ಮಲ್ಲಿ ಹೆಕ್ಟೇರಿನ ಮಾತಾಡುವವರಿಲ್ಲ, ಗದ್ದೆ ಅಳೆಯುವುದು ಸೆಂಟ್ಸಿನಲ್ಲಿ. ಸೆಂಟಿಗೆ 34 ರೂಪಾಯಿ ಚಿಲ್ಲರೆ ಬೀಳುತ್ತದೆ. ಅರ್ಧ ಎಕರೆ ಮುಳುಗಿದವರಿಗೆ 1,720 ರೂಪಾಯಿ. ಟ್ರ್ಯಾಕ್ಟರಿನ ಬಾಡಿಗೆಗೂ ಸಾಲದ ಈ ಮೊತ್ತಕ್ಕಾಗಿ ಕಾಗದಪತ್ರ ಹಿಡಿದು ನಾಲ್ಕು ಸಲ ಓಡಾಡುವ ಬದಲು ಸುಮ್ಮನಿರುವುದೇ ಮೇಲು ಎಂದು ಹಲವರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಬೀಳದ ಹಾನಿ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಬೈಲಿಗೆ ಮುಂದಿನ ಯೋಜನೆಯೂ ಬರುವುದಿಲ್ಲ. ಅನ್ಯಾಯ ಇಲ್ಲಿ ಸದ್ದಿಲ್ಲದೆ ಬೆಳೆಯುತ್ತ ಹೋಗುತ್ತದೆ.

ಬೆಳೆವಿಮೆಯ ಕತೆಯನ್ನೂ ಹೇಳಬೇಕು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಒಬ್ಬೊಬ್ಬರ ಗದ್ದೆಗೆ ಪ್ರತ್ಯೇಕವಾಗಿ ಆಗುವ ಸ್ಥಳೀಯ ಹಾನಿಯ ಪಟ್ಟಿಯಿಂದ ಭತ್ತದ ಮುಳುಗಡೆಯನ್ನು 2018ರಲ್ಲಿ ಕೈಬಿಡಲಾಯಿತು. ಭತ್ತ ನೀರಲ್ಲೇ ಬೆಳೆಯುವ ಬೆಳೆಯಲ್ಲವೇ ಎಂಬ ತರ್ಕ. ಬುಡದಲ್ಲಿ ನೀರು ನಿಲ್ಲುವುದಕ್ಕೂ ತೆನೆಯ ಮೇಲೆ ನೀರು ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಕರಾವಳಿಯ ಪ್ರತಿ ಮಗುವಿಗೂ ಗೊತ್ತು. ಆ ಒಂದು ಸಾಲು ಇಲ್ಲದ್ದರಿಂದ 2020ರ ಸೆಪ್ಟೆಂಬರಿನಲ್ಲಿ ಬೈಲು ಬೈಲೇ ಮುಳುಗಿದಾಗಲೂ ‘ನನ್ನ ಗದ್ದೆ ಮುಳುಗಿತು’ ಎಂದು ಒಬ್ಬೊಬ್ಬರೇ ದೂರು ಕೊಡಲು ದಾರಿಯಿರಲಿಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಮರಳಿ ಸೇರಿಸುವುದಾಗಿ ಪ್ರಕಟಿಸಿತು, 2026ರ ಮುಂಗಾರಿನಿಂದ ಅನ್ವಯ. ದೊಡ್ಡ ಸಮಾಧಾನದ ಸುದ್ದಿ. ಆದರೆ ಹಾನಿಯಾದ 72 ಗಂಟೆಯೊಳಗೆ ಮೊಬೈಲ್ ಆ್ಯಪಿನಲ್ಲಿ ಚಿತ್ರಸಹಿತ ದೂರು ಕೊಡಬೇಕು. ನೆರೆಯಲ್ಲಿ ಕರೆಂಟು ಹೋಗಿ, ಟವರು ಸತ್ತು, ಸಂಕ ಮುಳುಗಿ ಎರಡು ದಿನ ಮನೆಯಿಂದ ಹೊರಬರಲಾಗದ ಕುದ್ರುವಿನವರಿಗೆ 72 ಗಂಟೆ ಎಂದರೆ ಎಷ್ಟು ಗಂಟೆ? ಅವರಲ್ಲಿ ಪಹಣಿಯೇ ಇಲ್ಲದವರ ಗತಿ ಏನು?

ಹೆಮ್ಮಾಡಿಯ ಸೇವಂತಿಗೆಯ ಹತ್ತಿರ ಬಂದರೆ ಹಾನಿ ಲೆಕ್ಕಕ್ಕೆ ಸಿಗದಿರುವುದು ಇನ್ನೂ ಸ್ಪಷ್ಟವಾಗುತ್ತದೆ. ಹೆಮ್ಮಾಡಿ, ಕಟ್‌ಬೆಲ್ತೂರು ಸುತ್ತಿನ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆಯುವ ಪುಟ್ಟ ಹಳದಿ ಹೂ. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಯಲ್ಲಿ ಅದು ಅರಳಿರಲೇಬೇಕು. ಗಿಡ ನೆಟ್ಟ ದಿನದಿಂದ ಜಾತ್ರೆಯ ದಿನಕ್ಕೆ ಹಿಂದೆ ಮುಂದೆ ಲೆಕ್ಕ ಹಾಕಿ, ಕಳೆ ಕಿತ್ತು, ನೀರು ಹನಿಸಿ, ಮೊಗ್ಗು ಕಾಯುವವರಲ್ಲಿ ಹೆಚ್ಚಿನವರು ಹೆಂಗಸರು. ಡಿಸೆಂಬರಿನಲ್ಲಿ ಮೋಡ ಕಟ್ಟಿ ಚಳಿ ಬೀಳದೆ ಹೋದರೆ, ಅಕಾಲದಲ್ಲಿ ಒಂದು ಮಳೆ ಬಿದ್ದರೆ, ಹೂ ಒಂದು ವಾರ ತಡವಾಗುತ್ತದೆ, ಇಲ್ಲವೇ ಮೊಗ್ಗಿನಲ್ಲೇ ಕಪ್ಪಾಗುತ್ತದೆ. ಜಾತ್ರೆ ಒಂದು ವಾರ ಕಾಯುವುದಿಲ್ಲ. ಒಂದು ಗಿಡವನ್ನು ಬಗ್ಗಿಸಿ ತೋರಿಸಿದ ಬೆಳೆಗಾರ್ತಿಯೊಬ್ಬರ ಬೆರಳ ತುದಿಯಲ್ಲಿ ಮೊಗ್ಗಿನ ಕಪ್ಪು ಹಿಟ್ಟಿನಂತೆ ಹತ್ತಿತ್ತು. ಗಿಡ ಹಸಿರಾಗಿಯೇ ನಿಂತಿತ್ತು. ಹೊರಗಿನ ಅಧಿಕಾರಿ ಬಂದು ನೋಡಿದರೆ ‘ಬೆಳೆ ಇದೆ’ ಎಂದೇ ಬರೆದುಕೊಳ್ಳಬೇಕು. ಶೇ. 33 ಹಾನಿ ಎಂಬ ಅಳತೆಗೋಲಿಗೆ ಈ ನಷ್ಟ ಸಿಕ್ಕುವುದಿಲ್ಲ. ಹೂ ಇದೆ, ಹೂವಿನ ದಿನ ಇಲ್ಲ! ಇಂಥದ್ದನ್ನು ಹಾನಿ ಎಂದು ಗುರುತಿಸಬಲ್ಲವರು ಆ ಊರಿನವರು ಮಾತ್ರ.

ಹೊರಗಿನ ಲೋಕದ ಒಂದು ಪ್ರಸಂಗ ನನ್ನನ್ನು ಬಹಳ ಕಾಡಿದೆ. ಬಾಂಗ್ಲಾದೇಶದ ಖುಲ್ನಾ ಸೀಮೆಯಲ್ಲಿ 1960ರ ದಶಕದಲ್ಲಿ ಉಪ್ಪುನೀರು ತಡೆಯಲೆಂದು ದೊಡ್ಡ ದೊಡ್ಡ ಮಣ್ಣಿನ ಏರಿಗಳನ್ನು ಕಟ್ಟಿದರು. ಉಬ್ಬರ ಒಳಗೆ ಬಾರದೆ, ಅದು ಹೊತ್ತು ತರುವ ಹೂಳು ಗದ್ದೆಗೆ ಬೀಳದೆ ಹೊಳೆಯಲ್ಲೇ ಕೂತು, ಹೊಳೆ ಮೇಲೆದ್ದು ಗದ್ದೆ ಕೆಳಗಾಯಿತು. ವರ್ಷಗಟ್ಟಲೆ ಊರುಗಳು ನಿಂತ ನೀರಲ್ಲಿ ಕೊಳೆತವು. 1990ರಲ್ಲಿ ಬಿಲ್ ಡಾಕಾತಿಯಾದ ಜನ ತಾವೇ ಸೇರಿ ಏರಿಯನ್ನು ಕಡಿದರು. ಮೊದಲು ಅಪರಾಧವೆಂದು ಕಂಡ ಆ ಕೆಲಸವನ್ನೇ ಮುಂದೆ ಎಂಜಿನಿಯರುಗಳು ಉಬ್ಬರದ ನೀರನ್ನು ಸರದಿಯಂತೆ ಒಳಬಿಡುವ ಕ್ರಮವಾಗಿ ಒಪ್ಪಿಕೊಂಡರು. ಜನರ ತಿಳಿವಳಿಕೆಯ ಗೆಲುವು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸರದಿಗೆಂದು ಕೆಲವು ವರ್ಷ ಗದ್ದೆ ಬಿಟ್ಟುಕೊಟ್ಟವರಿಗೆ ಪರಿಹಾರ ಕೊಡಲು ಹೊರಟಾಗ ಮತ್ತೆ ಜಮೀನಿನ ಕಾಗದವೇ ಅಡ್ಡ ಬಂತು. ದಾಖಲೆ ಸರಿಯಿಲ್ಲದವರು ಪರದಾಡಿದರು, ಪಾಲಿಗೆ ಬೇಸಾಯ ಮಾಡುವವರು, ಕೂಲಿಯವರು ಬರಿಗೈಯಲ್ಲಿ ಉಳಿದರು. ಮುಂದಿನ ಸರದಿಗೆ ಜನ ಗದ್ದೆ ಬಿಡಲು ಒಪ್ಪದೆ ಹೋದದ್ದರಲ್ಲಿ ಆಶ್ಚರ್ಯವೇನು? ಊರು ಸೇರಿ ಕಂಡುಕೊಂಡ ಉಪಾಯವೂ ನ್ಯಾಯದ ಕಾಲಿಲ್ಲದೆ ಹೆಚ್ಚು ದೂರ ನಡೆಯಲಿಲ್ಲ.

ನಮ್ಮಲ್ಲಿ ಈ ಕಗ್ಗಂಟು ಇನ್ನೂ ಬಿಗಿಯಾಗಿದೆ. ಭೂಸುಧಾರಣೆ ಕಾನೂನು ಗೇಣಿಯನ್ನು ನಿಷೇಧಿಸಿತು. ಹೀಗಾಗಿ ಇಂದಿನ ಬಾಯಿಮಾತಿನ ಗೇಣಿ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಪಹಣಿಯ 12ನೇ ಕಾಲಮಿನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗವಿದೆ. ಅಲ್ಲಿ ಬೇರೆ ಹೆಸರು ಬರೆಯಿಸಲು ಯಾವ ಒಡೆಯರಿಗೂ ಧೈರ್ಯವಿಲ್ಲ. ಒಮ್ಮೆ ಬರೆದರೆ ಗದ್ದೆ ಹೋದಂತೆಯೇ ಎಂಬ 1974ರ ನೆನಪು ಗಟ್ಟಿಯಾಗಿದೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂದು ಗದ್ದೆ ಕಳೆದುಕೊಂಡವರಲ್ಲಿ ಎರಡು ಮುಡಿ ಗದ್ದೆಯಷ್ಟೇ ಇದ್ದ ವಿಧವೆಯರೂ ಇದ್ದರು. ಹಾಗೆಂದು ಬೆಳೆದವರನ್ನು ಎಂದೆಂದಿಗೂ ಕತ್ತಲಲ್ಲಿಡಲಾಗದು. ಜಮೀನಿನ ಹಕ್ಕಿಗೂ ಬೆಳೆಯ ಹಕ್ಕಿಗೂ ಗೆರೆ ಎಳೆಯಬಹುದು. ಆಂಧ್ರಪ್ರದೇಶ 2019ರಲ್ಲಿ ಅಂಥ ಕಾನೂನನ್ನೇ ಮಾಡಿತು: 11 ತಿಂಗಳ ಒಪ್ಪಂದ, ಜಮೀನಿನ ಮೇಲೆ ಯಾವ ಹಕ್ಕೂ ಇಲ್ಲ, ಬೆಳೆಯ ಮೇಲಿನ ಸಾಲ, ವಿಮೆ, ಪರಿಹಾರ ಮಾತ್ರ ಬೆಳೆದವರಿಗೆ. ಒಡೆಯರ ಸಹಿ ಬೇಕೆಂಬ ನಿಯಮದಿಂದ ಅಲ್ಲೂ ಬಹಳ ಮಂದಿ ಹೊರಗುಳಿದರು. ಆ ತೊಡಕನ್ನು ನೋಡಿ ಕಲಿಯುವ ಅನುಕೂಲ ನಮಗಿದೆ. ನಮ್ಮ ರಾಜ್ಯದ ಬೆಳೆ ಸಮೀಕ್ಷೆಗೆ 2020ರಲ್ಲಿ ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷವಾಕ್ಯ ಕೊಟ್ಟರು. ಒಳ್ಳೆಯ ಮಾತು. ಆ ‘ನನ್ನ’ ಎಂಬಲ್ಲಿ ಬೆಳೆದವರ ಹೆಸರು ಬರುವಂತೆ ಒಂದು ಕಾಲಮು ಸೇರಿಸಿ, ಅದು ಸರಿಯೆಂದು ಒಡೆಯರ ಬದಲು ಬೈಲಿನ ಸಭೆ ಹೇಳಲಿ. ಯಾರ ಗದ್ದೆಯನ್ನು ಯಾರು ನಟ್ಟಿ ಮಾಡಿದರೆಂಬುದು ಬೈಲಿನಲ್ಲಿ ಯಾರಿಗೆ ಗೊತ್ತಿಲ್ಲ?

ಬೈಲಿನ ಸಭೆ ಎಂದೆ. ಗ್ರಾಮ ಪಂಚಾಯಿತಿಯ ಗಡಿ ನೀರಿಗೆ ಗೊತ್ತಿಲ್ಲ. ಒಂದೇ ತೋಡಿನ ನೀರು ಕುಡಿಯುವ ಗದ್ದೆಗಳೆಲ್ಲ ಒಂದು ಬೈಲು. ಅಲ್ಲಿ ಬೆಳೆಯುವವರು, ಕೂಲಿಗೆ ಬರುವವರು, ಹೊಳೆಯಲ್ಲಿ ಮೀನು, ಚಿಪ್ಪು ಹಿಡಿಯುವವರು, ಬಾವಿ ಉಪ್ಪಾಗುವ ಮನೆಯವರು, ದಲಿತರಿಗೆಂದು ಮೀಸಲಿಟ್ಟ ಡಿಸಿ ಮನ್ನಾ ಭೂಮಿಗಾಗಿ ಇನ್ನೂ ಅರ್ಜಿ ಹಿಡಿದು ಕಾಯುತ್ತಿರುವವರು, ಎಲ್ಲರಿಗೂ ಅಲ್ಲಿ ಮಾತಿರಬೇಕು. ಪಹಣಿ ಇದ್ದವರದ್ದೇ ಸಂಘವಾದರೆ ಹಳೆಯ ಒಡೆತನ ಹೊಸ ಹೆಸರಲ್ಲಿ ಬಂದಂತೆ. ಹಲಗೆಯ ದಿನ, ತೋಡಿನ ಹೂಳು, ಮದಗದ ಪಾಲು, ಹಾನಿಯ ಪಟ್ಟಿ, ಈ ನಾಲ್ಕು ಕೆಲಸಗಳ ತೀರ್ಮಾನವೂ ಅದಕ್ಕೆ ತಕ್ಕ ಹಣವೂ ಆ ಸಭೆಯ ಕೈಯಲ್ಲಿರಲಿ. ಇಲಾಖೆಯ ಎಂಜಿನಿಯರು ಹೊಳೆಯ ಮಟ್ಟ, ಉಬ್ಬರದ ಲೆಕ್ಕ, ಮಳೆಯ ಮುನ್ಸೂಚನೆ ತಂದು ಕೊಡಲಿ. ಇದರಿಂದ ಜಗಳ ಹೆಚ್ಚೀತು ಎನ್ನುವವರಿದ್ದಾರೆ. ಹೆಚ್ಚೀತು. ಆದರೆ ಇಂದು ಮಾತಿಲ್ಲದೆ ಒಳಗೊಳಗೇ ಕುದಿಯುವ ಜಗಳ ಎದುರೆದುರು ಬಂದೀತು. ಒಂದು ವಾರ ಹಲಗೆ ತಡವಾದರೆ ಮೇಲಿನವರಿಗೆ ಟ್ಯಾಂಕರಿನ ನೀರು ಕೊಡುವ, ಒಂದು ವಾರ ಬೇಗ ಹಾಕಿದರೆ ಕೆಳಗಿನವರ ಕೊಯ್ಲಿಗೆ ಆಳು ಕೊಡುವ ಕೊಡುಕೊಳೆ ಅಲ್ಲಿಯೇ ಹುಟ್ಟೀತು.

ಕೂಡಿ ದುಡಿಯುವ ಮನಸ್ಸು ಸತ್ತಿಲ್ಲ ಎಂಬುದಕ್ಕೆ 2021ರ ಹಡಿಲು ಭೂಮಿ ಆಂದೋಲನವೇ ಸಾಕು. ಆಗಿನ ಉಡುಪಿ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳತ್ವದ ಕೇದಾರೋತ್ಥಾನ ಟ್ರಸ್ಟಿನೊಂದಿಗೆ ಊರೂರಿನ ಯುವಕ ಮಂಡಲ, ಮಹಿಳಾ ಸಂಘಗಳ ಜನ ಗದ್ದೆಗಿಳಿದರು. ಎಷ್ಟೋ ವರ್ಷ ಕಳೆ ತುಂಬಿದ್ದ ಗದ್ದೆಗಳಲ್ಲಿ ಬೆಳೆದ ಅಕ್ಕಿ ‘ಉಡುಪಿ ಕೇದಾರ ಕಜೆ’ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ನನಗೆ ಅದರಲ್ಲಿ ಎದ್ದು ಕಂಡದ್ದು ಬೇರೆಯೇ. ಗದ್ದೆ ಹಡಿಲು ಬೀಳಲು ಕಾರಣ ಸೋಮಾರಿತನವಲ್ಲ. ತೋಡು ಮುಚ್ಚಿ ನೀರು ನಿಂತದ್ದೂ ಉಪ್ಪು ನುಗ್ಗಿದ್ದೂ ಎಷ್ಟೋ ಕಡೆ ಮೂಲ ಕಾರಣ. ಉತ್ಸಾಹಕ್ಕೆ ಒಂದು ಮಳೆಗಾಲದ ಆಯಸ್ಸು. ವರ್ಷವರ್ಷ ತೋಡು ಬಿಡಿಸುವವರಿಗೆ ಹಕ್ಕೂ ಹಣವೂ ಸಿಕ್ಕರೆ ಮಾತ್ರ ಗದ್ದೆ ಗದ್ದೆಯಾಗಿ ಉಳಿಯುತ್ತದೆ.

ಅಂದು ಅಣೆಕಟ್ಟಿನ ಬಳಿ ಕೊನೆಗೆ ಏನಾಯಿತೆಂದರೆ, ಕೆಲಸದವರಲ್ಲಿ ಹಿರಿಯನಾಗಿದ್ದವನು ಇಬ್ಬರ ಮಾತನ್ನೂ ಕೇಳಿಸಿಕೊಂಡು ಹಲಗೆಯನ್ನು ಮುಟ್ಟದೆ ಕೂತ. ಹುಣ್ಣಿಮೆಗೆ ಐದು ದಿನವಿತ್ತು. ಮೇಲಿನ ಬೈಲಿನ ಆ ಹಿರಿಯರು ಬೆರಳು ಮಡಚಿ ಎಣಿಸಿ, ‘ನಾಲ್ಕ್ ದಿನ ತಡ್ಕಂತೆ’ ಎಂದರು. ಆ ನಾಲ್ಕು ದಿನವನ್ನು ಕೊಡುವ ಅಧಿಕಾರ ಅವರಿಗೂ ಇರಲಿಲ್ಲ, ಹಲಗೆ ಹಾಕಲು ಬಂದವನಿಗೂ ಇರಲಿಲ್ಲ. ಅವನು ಯಾರಿಗೋ ಫೋನು ಮಾಡುತ್ತ ಆಚೆ ಹೋದ. ಹೆಂಗಸು ಉತ್ತರಕ್ಕೆ ಕಾಯಲಿಲ್ಲ. ಯಂತ್ರ ಇಳಿಯದ ಗದ್ದೆಗೆ ಕತ್ತಿಯೇ ಗತಿ ಎಂದು, ಕೊಯ್ಲಿಗೆ ಬರುವವರನ್ನು ಕರೆಯಲು ಅಂಚಿನ ಮೇಲೆ ಬೇಗಬೇಗ ಹೆಜ್ಜೆ ಹಾಕಿದರು.